ಆಫ್ ಮಾಡಬಾರದ ಕಾರು

ಮನೆ, ಅಡುಗೆಮನೆಯ ಮೇಜು
ಭಾನುವಾರ, ಎಂಟನೇ ತಾರೀಕು, ಸಂಜೆ

ಪ್ರೀತಿಯ ರೀ,

ಹೇಗಿದ್ದೀರಿ? ಎಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ನಾನು ಕೊಟ್ಟ ಪೌಡರ್ ಹಾಕಿಕೊಳ್ಳುತ್ತಿದ್ದೀರೋ, ಇಲ್ಲಾ ಡಬ್ಬಿಯನ್ನು ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿ ಮಲಗಿಸಿದ್ದೀರೋ? ಹಡಗಿನ ಹೊಸ ಅಡುಗೆಯವನು ಉಪ್ಪು ಹಾಕುವುದನ್ನು ಕಲಿತನೇ? ಇಲ್ಲಿ ನಾವು ಮೂವರೂ ಆರಾಮ. ಅತ್ತೆಯ ಮಂಡಿ ಮೆಟ್ಟಿಲು ಕಂಡರೆ ಮಾತ್ರ ನೋಯುತ್ತದೆ, ಉಳಿದಂತೆ ಗಟ್ಟಿಯಾಗಿದೆ. ಮಾವನ ಕಣ್ಣಿನ ಆಪರೇಷನ್ ಚೆನ್ನಾಗಿ ಆಗಿದೆ. ಓದಬಹುದು, ಟಿವಿ ನೋಡಬಹುದು, ಗಾಡಿ ಓಡಿಸುವುದು ಮಾತ್ರ ಸದ್ಯಕ್ಕೆ ಬೇಡ ಎಂದು ಡಾಕ್ಟರು ಅಂದಿದ್ದಾರೆ. ಕಣ್ಣು ಸರಿಯಾಗಿ ಕಾಣತೊಡಗಿದ ಮೇಲೆ ನಮ್ಮ ಮನೆಯಲ್ಲಿ ಇಷ್ಟೊಂದು ಧೂಳಿದೆಯೆಂದು ಅವರಿಗೆ ಗೊತ್ತಾಗಿ, ದಿನಕ್ಕೊಂದು ಮೂಲೆ ತೋರಿಸುತ್ತಿದ್ದಾರೆ. ಹಳೆಯ ಕಣ್ಣೇ ಚೆನ್ನಾಗಿತ್ತು ಎಂದು ಅತ್ತೆ ಗೊಣಗುತ್ತಾರೆ.

ಫೋನ್ ಇರುವಾಗ ಇವಳೇಕೆ ಕಾಗದ ಬರೆಯಲು ಕೂತಳು ಎಂದು ನೀವು ಹುಬ್ಬೇರಿಸಬಹುದು. ಹಡಗಿನ ಫೋನು ನಿಮಗೆ ಗೊತ್ತೇ ಇದೆ, ಮುಖ್ಯವಾದ ಮಾತು ಬರುವ ಹೊತ್ತಿಗೆ ಸರಿಯಾಗಿ ಕಟ್ ಆಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ನನ್ನದೇ. ಫೋನಿನಲ್ಲಿ ನೀವು ಹೇಳುತ್ತಾ ಹೋಗುತ್ತೀರಿ, ನಾನು ಹೂಂ ಅನ್ನುತ್ತಾ ಹೋಗುತ್ತೇನೆ. ಕಾಗದದಲ್ಲಿ ಬರೀ ಹೂಂ ಎಂದು ಬರೆದು ಕಳಿಸಲಾಗುವುದಿಲ್ಲ, ಏನಾದರೂ ಹೇಳಲೇಬೇಕು. ಹೋದ ತಿಂಗಳು ನಾನು ಎರಡು ಸಲ ಹೂಂ ಅಂದೆ, ನೆನಪಿದೆಯೇ? ಮೊದಲನೆಯದು ಲ್ಯಾಬಿನ ವಿಷಯ. ನಮ್ಮ ಆಸ್ಪತ್ರೆಯವರು ಸೇತುವೆಯಾಚೆ ಹೊಸ ಲ್ಯಾಬು ತೆರೆಯುತ್ತಿದ್ದಾರೆ, ಅದನ್ನು ನೋಡಿಕೊಳ್ಳಲು ನಮ್ಮ ಮೇಡಂ ನನ್ನನ್ನೇ ಕೇಳಿದ್ದಾರೆ ಎಂದು ಹೇಳಿದ್ದೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬರುವವರಿಗಾಗಿ ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಯಬೇಕು, ಆ ಕಡೆಗೆ ಮೊದಲ ಬಸ್ಸು ಹೊರಡುವುದೇ ಏಳರ ಮೇಲೆ. ಬಸ್ಸಿಲ್ಲದಿದ್ದರೆ ಬಿಡು, ಇನ್ನೊಂದು ಕೆಲಸ ಬಂದೀತು ಎಂದಿರಿ. ಹೂಂ ಅಂದೆ. ಎರಡನೆಯದು ಕಾರಿನ ವಿಷಯ. ಓಡಿಸುವವರಿಲ್ಲದೆ ಸುಮ್ಮನೆ ನಿಂತು ತುಕ್ಕು ಹಿಡಿಯುತ್ತದೆ, ಪರಿಚಯದ ಮೇಷ್ಟ್ರೊಬ್ಬರು ಕೇಳುತ್ತಿದ್ದಾರೆ, ಕೊಟ್ಟುಬಿಡೋಣ ಎಂದಿರಿ. ಅದಕ್ಕೂ ಹೂಂ ಅಂದೆ. ಫೋನ್ ಇಟ್ಟು ಅಕ್ಕಿ ತೊಳೆಯಲು ಹೋದವಳು ಅದೇ ಅಕ್ಕಿಯನ್ನು ಮೂರು ಸಲ ತೊಳೆದೆ. ನನ್ನ ಹೆಸರಿನಲ್ಲಿ ಲೈಸೆನ್ಸಿದೆ, ಬಾಗಿಲಲ್ಲಿ ಕಾರಿದೆ, ಆದರೂ ಬಸ್ಸಿಲ್ಲವೆಂದು ಕೆಲಸ ಬಿಡುತ್ತಿದ್ದೇನೆ. ಫೋನಿನಲ್ಲಿ ಮಾತಾಡುವಾಗ ಅದು ನಿಮಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೇಡಂ ನಾಳೆಯೊಳಗೆ ಉತ್ತರ ಬೇಕು ಅಂದಿದ್ದರು, ಮೇಷ್ಟ್ರು ಕಾರು ನೋಡಲು ಇವತ್ತು ಬರುವವರಿದ್ದರು.

ಮೇಷ್ಟ್ರು ಬೆಳಿಗ್ಗೆ ತಿಂಡಿಯ ಹೊತ್ತಿಗೇ ಬಂದರು. ಗುಂಡಗಿನ, ನಗುಮುಖದ ಮನುಷ್ಯ, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಾರಂತೆ. ಕಂಕುಳಲ್ಲಿ ಒಂದು ದೊಡ್ಡ ಗಂಟು. ಏನದು ಎಂದು ಅತ್ತೆ ಕೇಳಿದರೆ, ಹೊಸ ಸೀಟ್ ಕವರುಗಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಗೆ ಕೈಕಾಲು ಬಂದು ನಮ್ಮ ಬಾಗಿಲಲ್ಲಿ ನಿಂತಂತಿತ್ತು. ಇನ್ನೂ ತಮಾಷೆಯೆಂದರೆ ಅವರಿಗೆ ಡ್ರೈವಿಂಗೇ ಬರುವುದಿಲ್ಲ. ಕಾರು ತೆಗೆದುಕೊಂಡ ಮೇಲೆ ಕಲಿಯುವುದಂತೆ, ನಾಳೆ ತಂಗಿಯ ಮಗ ಬಂದು ಓಡಿಸಿಕೊಂಡು ಹೋಗುವನಂತೆ. ಮಾವ ಬಿಳಿ ಅಂಗಿ ಹಾಕಿಕೊಂಡು ಗತ್ತಿನಿಂದ ಕಾರಿನ ಬಾಗಿಲು ತೆಗೆದು, ಎಂಜಿನ್ ಸದ್ದು ಕೇಳಿ ಎಂದು ಕೀಲಿ ತಿರುಗಿಸಿದರು. ಟಕ್ ಅಂದಿತು. ಮತ್ತೆ ತಿರುಗಿಸಿದರು, ಟಕ್ ಟಕ್ ಅಂದಿತು. ಆಮೇಲೆ ಅದೂ ನಿಂತಿತು. ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ. ನಿಜ ಹೇಳುತ್ತೇನೆ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಮಾವನ ಮುಖ ನೋಡಿದ ಕೂಡಲೇ ಆ ಸಂತೋಷ ಇಳಿದುಹೋಯಿತು. ಮದುವೆಯ ಹೆಣ್ಣು ತೋರಿಸಲು ಹೋಗಿ, ಅವಳು ಒಳಗಿನಿಂದ ಚಿಲಕ ಹಾಕಿಕೊಂಡರೆ ಅಪ್ಪನಾದವನು ಹೇಗೆ ನಿಲ್ಲುತ್ತಾನೋ ಹಾಗೆ ನಿಂತಿದ್ದರು.

ಕೊನೆಗೆ ತಿರುವಿನಲ್ಲಿರುವ ಗ್ಯಾರೇಜಿನವನನ್ನು ಕರೆದೆವು. ಪಾಪ, ರಜದ ದಿನ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಯಾವುದೋ ಮದುವೆಗೆ ಹೊರಟಿದ್ದ. ತನ್ನ ಕಾರನ್ನು ನಮ್ಮದರ ಮೂತಿಗೆ ಮೂತಿ ತಾಗುವಂತೆ ನಿಲ್ಲಿಸಿ, ಬಾನೆಟ್ ಎತ್ತಿ, ಬ್ಯಾಟರಿ ಪೂರಾ ಇಳಿದಿದೆ, ಯಾರು ಏನನ್ನು ಆನ್ ಮಾಡಿ ಬಿಟ್ಟಿದ್ದಿರಿ ಎಂದು ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ನಾವು ಮೂವರೂ ಒಟ್ಟಿಗೆ ಮುಟ್ಟಿ ನೋಡಿಕೊಂಡೆವು. ಮೊದಲು ಮಾವ ಬಾಯಿಬಿಟ್ಟರು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಎಂದು ನೀವು ಹೇಳಿ ಹೋಗಿದ್ದಿರಿ. ಎಷ್ಟು ಹೊತ್ತು ಎಂದು ಹೇಳಲಿಲ್ಲ. ಮಗ ವಾರಕ್ಕೊಮ್ಮೆ ಅಂದರೆ ನಾನು ದಿನಾ ಮಾಡುತ್ತೇನೆ ಎಂದು ಇವರು ಸ್ನಾನವಾದ ಕೂಡಲೇ ಹೋಗಿ ಕೀಲಿ ತಿರುಗಿಸುವುದು, ಗುರ್ ಎಂದ ತಕ್ಷಣ ಪೆಟ್ರೋಲ್ ಉಳಿಯಲಿ ಎಂದು ಆಫ್ ಮಾಡುವುದು. ಸ್ಟಾರ್ಟ್ ಮಾಡುವುದಕ್ಕೇ ಬ್ಯಾಟರಿಯಿಂದ ಹೆಚ್ಚು ಎಳೆಯುತ್ತದೆ, ಅದು ಮತ್ತೆ ತುಂಬಬೇಕಾದರೆ ಗಾಡಿ ಓಡಬೇಕು ಎಂದು ಗ್ಯಾರೇಜಿನವನು ಹೇಳಿದಾಗ ಮಾವ ಅವನನ್ನು ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಅತ್ತೆ. ಮಧ್ಯಾಹ್ನ ಮಾವ ಮಲಗಿದಾಗ ಮನೆಯೊಳಗೆ ರೇಡಿಯೋ ಜೋರಾಗಿ ಹಾಕುವಂತಿಲ್ಲವಲ್ಲ, ಅದಕ್ಕೆ ಅವರು ಕಾರಿನಲ್ಲಿ ಕೂತು ಹಳೆಯ ಹಾಡು ಕೇಳುತ್ತಿದ್ದರಂತೆ. ಗಂಡ ಹೆಂಡತಿ ಒಂದೇ ಕಾರನ್ನು ಬೇರೆ ಬೇರೆ ಹೊತ್ತಿನಲ್ಲಿ ಬಳಸಿ, ಒಬ್ಬರಿಗೊಬ್ಬರು ಸುಳಿವು ಕೊಟ್ಟಿಲ್ಲ ನೋಡಿ.

ಮೂರನೆಯವಳು ನಾನು. ಕೆಲಸದಿಂದ ಬಂದು ಮುಸ್ಸಂಜೆಯಲ್ಲಿ ಒಂದಿಷ್ಟು ಹೊತ್ತು ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದೆ. ಎಂಜಿನ್ ಆನ್ ಮಾಡುತ್ತಿರಲಿಲ್ಲ. ಕ್ಲಚ್ ಒತ್ತಿ ಗೇರ್ ಹಾಕುವುದು, ಇಂಡಿಕೇಟರ್ ಹಾಕುವುದು, ಲೈಟ್ ಹಾಕಿ ನೋಡುವುದು, ಮಳೆಯಿಲ್ಲದಿದ್ದರೂ ವೈಪರ್ ಆಡಿಸುವುದು. ಕೂತಲ್ಲಿಯೇ ಸೇತುವೆ ದಾಟಿ ಲ್ಯಾಬಿಗೆ ಹೋಗಿ ಬರುತ್ತಿದ್ದೆ. ಯಾಕೆ ಎಂದು ಯಾರಾದರೂ ಕೇಳಿದ್ದರೆ ಧೂಳು ಒರೆಸುತ್ತಿದ್ದೆ ಅನ್ನುತ್ತಿದ್ದೆನೇನೋ. ಇದನ್ನು ಗ್ಯಾರೇಜಿನವನ ಮುಂದೆ ಹೇಳುವಾಗ ನನ್ನ ಕಿವಿ ಬಿಸಿಯಾಯಿತು. ಮೇಷ್ಟ್ರು ಮಾತ್ರ ಗಂಟನ್ನು ಎದೆಗೆ ಅವಚಿಕೊಂಡು ಎಲ್ಲವನ್ನೂ ಪಾಠ ಕೇಳುವ ಹಾಗೆ ಕೇಳುತ್ತಿದ್ದರು.

ಅಂತೂ ಎರಡು ಬ್ಯಾಟರಿಗಳಿಗೂ ವೈರು ಕಚ್ಚಿಸಿ ಅವನು ಕಾರನ್ನು ಎಬ್ಬಿಸಿದ. ಎದ್ದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಅವನು ವೈರು ಸುತ್ತಿಕೊಳ್ಳುತ್ತಾ ಹೇಳಿದ: "ಇನ್ನು ಒಂದು ಗಂಟೆನಾದ್ರೂ ಓಡಿಸ್ಬೇಕು. ಮಧ್ಯದಲ್ಲಿ ಆಫ್ ಮಾಡ್ಬೇಡಿ, ಆಫ್ ಆಯ್ತು ಅಂದ್ರೆ ನಾಳೆವರೆಗೂ ನಾನು ಸಿಗಲ್ಲ." ಹೇಳಿ ಮದುವೆಗೆ ಹೋಗಿಯೇಬಿಟ್ಟ. ಕಾರು ಗುರುಗುಟ್ಟುತ್ತಾ ನಿಂತಿದೆ. ಸುತ್ತ ನಾವು ನಾಲ್ವರು. ಮಾವನಿಗೆ ಡಾಕ್ಟರು ಬೇಡ ಅಂದಿದ್ದಾರೆ, ಅತ್ತೆಗೆ ಸೈಕಲ್ಲೂ ಗೊತ್ತಿಲ್ಲ, ಮೇಷ್ಟ್ರು ಇನ್ನು ಮೇಲೆ ಕಲಿಯಬೇಕು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಮಾವ ನನ್ನ ಮುಖ ನೋಡಲಿಲ್ಲ, ನೋಡಿದರೆ ಎಲ್ಲಿ ತಮ್ಮ ಬಾಯಿಂದಲೇ ಬೇಡವೆಂಬ ಮಾತು ಬಂದುಬಿಡುತ್ತದೋ ಎಂದು ಹೆದರಿದ್ದರಂತೆ, ಆಮೇಲೆ ಹೇಳಿದರು. ನಾನು ಸೆರಗು ಸಿಕ್ಕಿಸಿಕೊಂಡು ಹೋಗಿ ಕೂತೆ. ಮಾವ ಗೇಟು ತೆಗೆದು ಬಂದು ಹಿಂದಿನ ಸೀಟಿನಲ್ಲಿ ಕೂತರು. ಮೇಷ್ಟ್ರು ಸೀಟ್ ಕವರಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತರು. ಮನೆಗೆ ಬೀಗ ಹಾಕಿ ಅತ್ತೆಯೂ ಹಿಂದೆ ಹತ್ತಿದರು, ಏನಾದರೂ ಆದರೆ ಎಲ್ಲರಿಗೂ ಒಟ್ಟಿಗೇ ಆಗಲಿ ಎಂದರು.

ನಿಮ್ಮ ಮೇಲೆ ದೂರಲ್ಲ, ಆದರೂ ಬರೆಯುತ್ತೇನೆ. ನೀವು ಪಕ್ಕದಲ್ಲಿ ಕೂತಾಗ ನಾನು ರಸ್ತೆ ನೋಡುವುದಕ್ಕಿಂತ ನಿಮ್ಮ ಕಾಲು ನೋಡುವುದೇ ಹೆಚ್ಚು. ಅಲ್ಲಿ ಇಲ್ಲದ ಬ್ರೇಕನ್ನು ನೀವು ಒತ್ತುತ್ತೀರಿ, ನಾನು ಬೆಚ್ಚಿ ಇರುವ ಬ್ರೇಕನ್ನು ಒತ್ತುತ್ತೇನೆ. ಮೇಷ್ಟ್ರಿಗೆ ಬ್ರೇಕ್ ಯಾವ ಕಡೆಗಿರುತ್ತದೆ ಎಂಬುದೂ ಗೊತ್ತಿರಲಿಲ್ಲವಾದ್ದರಿಂದ ಅವರು ಹಾಯಾಗಿ ಕಿಟಕಿಯಾಚೆ ನೋಡುತ್ತಿದ್ದರು. ಆದರೂ ಮೊದಲ ಸಿಗ್ನಲ್ಲಿನಲ್ಲಿ ನನ್ನ ಎದೆ ಡವಡವ ಎಂದದ್ದು ಹಿಂದಿನ ಸೀಟಿಗೂ ಕೇಳಿಸಿರಬೇಕು. ಕ್ಲಚ್ ಸ್ವಲ್ಪ ಬೇಗ ಬಿಟ್ಟರೆ ಎಂಜಿನ್ ನಿಲ್ಲುತ್ತದೆ, ನಿಂತರೆ ನಡುರಸ್ತೆಯಲ್ಲಿ ಎಲ್ಲರೂ ಇಳಿದು ತಳ್ಳಬೇಕು. ಆಗ ಒಂದು ಯೋಚನೆ ಬಂತು. ಕೈಕಾಲು ಆಡಿಸುತ್ತಾ ಅಳುವ ಕೂಸಿನ ನರ ಹುಡುಕುವಾಗ ನಾನು ಹೆದರುತ್ತೇನೆಯೇ? ಉಸಿರು ಬಿಗಿ ಹಿಡಿಯದೆ, ಗಡಿಬಿಡಿ ಮಾಡದೆ, ಬೆರಳು ಹೇಳಿದ ಕಡೆ ಸೂಜಿ ಇಡುತ್ತೇನೆ. ಹಾಗೆಯೇ ಕಾಲು ಹೇಳಿದಷ್ಟು ಕ್ಲಚ್ ಬಿಟ್ಟೆ. ಕಾರು ಮೆಲ್ಲಗೆ ಸರಿಯಿತು. ಆಮೇಲೆ ಒಂದೊಂದು ಸಿಗ್ನಲ್ಲೂ ಸುಲಭವಾಗುತ್ತಾ ಹೋಯಿತು. ಒಬ್ಬ ಸೈಕಲ್ಲಿನವನು ನನ್ನನ್ನು ಹಿಂದೆ ಹಾಕಿ ಹೋದ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಿರಲಿಲ್ಲ. ಓಡುತ್ತಿದ್ದರೆ ಸಾಕಿತ್ತು. ಕೆಲಸವಿಲ್ಲದೆ, ಯಾರ ಮನೆಗೂ ಅಲ್ಲದೆ ಹೀಗೆ ಸುತ್ತಿದ್ದು ನಾವು ಯಾವತ್ತೂ ಇಲ್ಲ. ಮಾವ ತಮ್ಮ ಹೊಸ ಕಣ್ಣಿನಿಂದ ಅಂಗಡಿಗಳ ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಿದ್ದರು. ಅತ್ತೆ ರೇಡಿಯೋ ಹಾಕು ಅಂದರು, ಬ್ಯಾಟರಿ ಎಂದು ಮಿಕ್ಕವರೆಲ್ಲ ಒಂದೇ ದನಿಯಲ್ಲಿ ಕೂಗಿದೆವು. ಹಾಗಾದರೆ ನಾನೇ ಹಾಡುತ್ತೇನೆ ಎಂದು ಅವರು ಹಾಡಿಯೂ ಬಿಟ್ಟರು. ನಿಮ್ಮ ಅಮ್ಮ ಅಷ್ಟು ಚೆನ್ನಾಗಿ ಹಾಡುತ್ತಾರೆಂದು ಮಾವನಿಗೇ ಮರೆತುಹೋಗಿತ್ತಂತೆ. ಹೀಗೆ ಹೋಗುತ್ತಾ ಹೋಗುತ್ತಾ ಸೇತುವೆ ದಾಟಿದ್ದೆ. ಬೇಕೆಂದೇ ದಾಟಿದೆನೋ, ರಸ್ತೆ ಕರೆದುಕೊಂಡು ಹೋಯಿತೋ, ಕೇಳಬೇಡಿ. ಹೊಸ ಲ್ಯಾಬಿನ ಮುಂದೆ ಕಾರು ನಿಧಾನ ಮಾಡಿ, ಎಂಜಿನ್ ಆಫ್ ಮಾಡದೆ ನಿಲ್ಲಿಸಿದೆ. ಪೇಂಟಿನವರು ಏಣಿಯ ಮೇಲಿದ್ದರು, ಕಿಟಕಿಯ ಗಾಜಿಗೆ ಇನ್ನೂ ಪೇಪರ್ ಅಂಟಿಸಿತ್ತು. ಇದೇನು ಎಂದು ಅತ್ತೆ ಕೇಳಿದಾಗ ಎಲ್ಲವನ್ನೂ ಹೇಳಿದೆ. ಅವರಿಗೆ ಲ್ಯಾಬಿನ ವಿಷಯವೇ ಗೊತ್ತಿರಲಿಲ್ಲ. ಏಣಿಯ ಮೇಲಿದ್ದವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಅಲ್ಲ ಕಣೇ, ಗಾಡಿ ಕೊಟ್ಬಿಟ್ರೆ ನೀನು ಇಲ್ಲಿಗೆ ಹೆಂಗೆ ಬರ್ತೀಯಾ?" ಎಂದರು. ಮೇಷ್ಟ್ರು ಗಂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡರು.

ಅಷ್ಟರಲ್ಲಿ ಪೆಟ್ರೋಲಿನ ಮುಳ್ಳು ಕೆಂಪಿಗೆ ಬಂತು. ಬಂಕಿಗೆ ಹೋದರೆ ಎಂಜಿನ್ ಆಫ್ ಮಾಡಲೇಬೇಕು, ಹೋಗದಿದ್ದರೆ ತಾನಾಗಿಯೇ ಆಫ್ ಆಗುತ್ತದೆ. ಒಂದು ಗಂಟೆ ಆಯಿತೇ ಇಲ್ಲವೇ ಎಂದು ಮಾವ, ಮೇಷ್ಟ್ರು ಇಬ್ಬರೂ ವಾಚು ನೋಡಿ ಬೇರೆ ಬೇರೆ ಉತ್ತರ ಹೇಳಿದರು. ನಾನು ಸೀದಾ ಬಂಕಿಗೆ ತಿರುಗಿಸಿ ಕೀಲಿ ಆಫ್ ಮಾಡಿದೆ. ಆ ಮೌನ ಇನ್ನೂ ಕಿವಿಯಲ್ಲಿದೆ. ಪೆಟ್ರೋಲ್ ಹಾಕಿಯಾಯಿತು, ಮುಚ್ಚಳ ತಿರುಗಿಸಿಯಾಯಿತು. ಹಿಂದೆ ಸಾಲಾಗಿ ಗಾಡಿಗಳು, ಆಗಲೇ ಹಾರ್ನು. ಅತ್ತೆ ಕಣ್ಣು ಮುಚ್ಚಿಕೊಂಡರು. ನಾನು ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ, ಏನೂ ಆಗಿಲ್ಲವೆಂಬಂತೆ, ಸ್ಟಾರ್ಟ್ ಆಯಿತು. ಮಾವ ಹಿಂದಿನಿಂದ ನನ್ನ ಭುಜ ತಟ್ಟಿದರು. ಈ ಮನೆಗೆ ಬಂದು ಇಷ್ಟು ವರ್ಷವಾದರೂ ಅವರು ಹಾಗೆ ತಟ್ಟಿದ್ದು ಇದೇ ಮೊದಲು. ನನಗೆ ಅಳು ಬಂತು, ಅಳುತ್ತಲೇ ಎರಡನೇ ಗೇರ್ ಹಾಕಿದೆ.

ಮೇಷ್ಟ್ರನ್ನು ಅವರ ಮನೆಯ ಬಾಗಿಲಿಗೇ ಬಿಟ್ಟು ಬಂದೆವು. ಇಳಿಯುವಾಗ ಅವರಿಗೂ ನನಗೂ ಒಂದು ಮಾತಾಯಿತು. ಈಗ ಅತ್ತೆ ಒಳಗೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಇನ್ನೂ ಅದೇ ಹಾಡು ಗುನುಗುತ್ತಿದ್ದಾರೆ. ಮಾವ ಪಕ್ಕದ ಮನೆಯವರಿಗೆ ಬ್ಯಾಟರಿ ಎಂದರೇನು ಎಂದು ವಿವರಿಸುತ್ತಿದ್ದಾರೆ. ಮನೆ ತುಂಬಿದಂತಿದೆ, ನೀವೊಬ್ಬರು ಕಡಿಮೆ. ಹೊತ್ತು ಹೊತ್ತಿಗೆ ಊಟ ಮಾಡಿ, ಮಲಗುವಾಗ ಪೌಡರ್ ಹಾಕಿಕೊಳ್ಳಿ. ಅಪ್ಪ ಅಮ್ಮನ ಆಶೀರ್ವಾದ, ಜೊತೆಗೆ ನನ್ನದೂ ಒಂದಿಷ್ಟು, ವಯಸ್ಸಿನಲ್ಲಿ ಚಿಕ್ಕವಳಾದರೇನಂತೆ.

ನಿಮ್ಮವಳು

ಮರೆತೆ: ಹೇಳಬೇಕಾದದ್ದನ್ನು ಬಿಟ್ಟು ಊರೆಲ್ಲ ಸುತ್ತಿಸಿದೆ. ಕಾರು ಕೊಡುವುದಿಲ್ಲ ಎಂದು ಮೇಷ್ಟ್ರಿಗೆ ಹೇಳಿಬಿಟ್ಟೆ. ಬೇಜಾರು ಮಾಡಿಕೊಂಡರು, ಆದರೆ ಕೋಪ ಮಾಡಿಕೊಳ್ಳಲಿಲ್ಲ. ಆಮೇಲೆ ಮೇಡಂಗೆ ಫೋನ್ ಮಾಡಿ ಲ್ಯಾಬು ನಾನೇ ನೋಡಿಕೊಳ್ಳುತ್ತೇನೆ ಅಂದೆ. ನಿಮ್ಮನ್ನು ಕೇಳದೆ ಅಂದೆ. ಒಂದನೇ ತಾರೀಕಿನಿಂದ ಬೆಳಿಗ್ಗೆ ಐದೂವರೆಗೆ ಹೊರಡುತ್ತೇನೆ. ಮುಂದಿನ ಸಲ ಫೋನ್ ಮಾಡಿದಾಗ ಮಾರಿದೆಯಾ ಎಂದು ಕೇಳಬೇಡಿ, ಹೋಗಿ ಬಂದೆಯಾ ಎಂದು ಕೇಳಿ.