ತಾನಾಗೇ ಮುಚ್ಚಿಕೊಳ್ಳುತ್ತಿದ್ದ ಬಾಗಿಲು

ಅಪ್ಪಾ,

ಬೆಳಿಗ್ಗೆ ಸ್ಕ್ರೂ ತಂದು, ಉಳಿಗೆ ಸಾಣೆ ಹಿಡಿಸಿ, ಗೋಧಿ ಬೀಸಿಸೋಕೆ ಗಿರಣಿಗೆ ಹೋದೆ. ಅಲ್ಲಿ ನೀನು ಕೂರಿಸಿದ್ದ ಬಾಗಿಲು ಇನ್ನೂ ತಾನಾಗೇ ಮುಚ್ಚಿಕೊಳ್ಳುತ್ತಿತ್ತು. ಇಪ್ಪತ್ತು ವರ್ಷದಿಂದ ಅದಕ್ಕೊಂದು ಕಲ್ಲು ಅಡ್ಡ. ನನಗೆ ಸುಮ್ಮನಿರೋಕಾಗಲಿಲ್ಲ. ಗೋಧಿ ಹಿಟ್ಟಾಗೋಷ್ಟರಲ್ಲಿ ಬಾಗಿಲು ಕಳಚಿ, ಮೇಲಿನ ಕೀಲು ಕೂರೋ ಜಾಗವನ್ನ ಒಂದು ನೂಲಿನಷ್ಟು ಆಳ ಕೆತ್ತಿ, ಮತ್ತೆ ಕೂರಿಸಿದೆ. ಕಲ್ಲು ತೆಗೆದು, ಅರ್ಧ ತೆರೆದು ಕೈಬಿಟ್ಟೆ. ಹೇಳಿದ ಮಾತು ಕೇಳೋ ಮಗಳ ಹಾಗೆ ಅಲ್ಲೇ ನಿಂತಿತು. ಅಂಥ ಮಗಳು ನಾನಾಗಿರಲಿಲ್ಲ ಬಿಡು.

"ಹೆಣ್ಣಿಗ್ಯಾಕೆ ಉಳಿ ಅಂತಿದ್ದರು ನಿಮ್ಮಪ್ಪ. ಇದ್ದಿದ್ದರೆ ನೋಡೋರು, ಅವರ ತಪ್ಪನ್ನೇ ತಿದ್ದಿದೀಯ," ಅಂದ ಗಿರಣಿಯವನು.

"ಅಪ್ಪನ ತಪ್ಪಲ್ಲ ಮಾವ, ನಿಮ್ಮ ಗೋಡೆ ವಾಲಿದೆ," ಅಂದೆ.

ನಿನ್ನ ತೂಗುಗುಂಡು ಇಳಿಬಿಟ್ಟು ನೋಡಿದ್ದೆ. ಗೋಡೆ ನೆಟ್ಟಗೇ ಇದೆ ಅಪ್ಪ.