ನಾಯಿಗಾಗಿ ಹಾಕಿಸಿದ ಗಾರೆ

ಹಾಸನ. ೯ ಜನವರಿ ೧೯೩೮, ಭಾನುವಾರ

ಸ್ನಾನ, ಲಿಂಗಪೂಜೆ ಆಯಿತು. ಕಾಫಿ ತೆಳ್ಳಗಿತ್ತು. ನಡುಮನೆಯಲ್ಲಿ ಮತ್ತೆ ಒದ್ದೆ. ಮಗ ಪಾಲಾಕ್ಷ ಕೊಡೆ ತೆಗೆದುಕೊಂಡು ಟೈಗರ್‌ಗೆ ಬಾರಿಸಿದ. ಅದು ಕುಂಯ್‌ಗುಟ್ಟುತ್ತ ಬಂದು ನನ್ನ ಮಂಚದ ಕೆಳಗೆ ಸೇರಿತು. ಮಣ್ಣಿನ ನೆಲ ಮೂತ್ರ ಕುಡಿದು ನಾರುತ್ತದಂತೆ, ಮಂಡಿಯ ಗಿರಾಕಿಗಳನ್ನು ಮನೆಗೆ ಕರೆಯಲು ನಾಚಿಕೆಯಂತೆ. ಶಿವರಾತ್ರಿಯೊಳಗೆ ನೆಲ ಬದಲಾಯಿಸಲೇಬೇಕು ಅಂದ. ಸೊಸೆ ನೀಲಗಂಗಮ್ಮ ಸಗಣಿ ತಂದು ಸಾರಿಸಿದಳು.

ನಾನು ನಿಜ ಹೇಳಲಿಲ್ಲ. ಇಲ್ಲಾದರೂ ಬರೆಯಬೇಕು. ಒದ್ದೆ ಮಾಡುವುದು ಟೈಗರ್ ಅಲ್ಲ, ನಾನು. ಹಿತ್ತಲ ಬಾಗಿಲು ಮುಟ್ಟುವಷ್ಟರಲ್ಲಿ ತಡೆಯುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ಗುಮಾಸ್ತರನ್ನು ನಡುಗಿಸಿದವನು... ನಾಯಿಗೂ ವಯಸ್ಸಾಗಿದೆ, ಅದಕ್ಕೇ ಎಲ್ಲರೂ ನಂಬಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

೨೦ ಜನವರಿ, ಗುರುವಾರ

ಗಾರೆ ಕೆಲಸದ ಬೀರಲಿಂಗಯ್ಯ ಬಂದಿದ್ದ. ಕಲ್ಲು ಚಪ್ಪಡಿ ಹಾಕಿದರೆ ಸಂದಿಯಲ್ಲಿ ನಿಂತು ನಾರುತ್ತದೆ. ಸಿಮೆಂಟು ಗಾರೆಗೆ ಕೆಂಪು ಬಣ್ಣ ಕೊಟ್ಟು ನುಣ್ಣಗೆ ಉಜ್ಜಿದರೆ ಯೋಚನೆಯಿಲ್ಲ, ಇಳಿಜಾರು ಕೊಟ್ಟರೆ ತಾನೇ ಹರಿದು ಬಾಗಿಲಿಗೆ ಹೋಗುತ್ತದೆ ಅಂದ.

ನಾನು ಮಣ್ಣಿನ ಪರ ವಾದಿಸಿದೆ. ಬೇಸಿಗೆಗೆ ತಂಪು, ಕಾಲಿಗೆ ಹಿತ, ಹಿರಿಯರು ಮಾಡಿದ್ದು — ಏನೇನೋ. ನಿಜ ಬೇರೆ. ಮಣ್ಣು ಕುಡಿದುಬಿಡುತ್ತದೆ. ಸ್ವಲ್ಪ ಹೊತ್ತಾದರೆ ಎಲ್ಲಿ, ಯಾರು, ಒಂದೂ ತಿಳಿಯುವುದಿಲ್ಲ.

"ಗಾರೇಲಿ ಒಂದು ತೊಟ್ಟು ಬಿದ್ರೂ ಎದ್ದು ಕಾಣ್ತದೆ ಸಾ" ಅಂದ ಬೀರಲಿಂಗಯ್ಯ, ನನ್ನನ್ನು ಒಪ್ಪಿಸಲು.

೨ ಫೆಬ್ರವರಿ, ಬುಧವಾರ

ನಾನೂ ಪಾಲಾಕ್ಷನೂ ಚನ್ನರಾಯಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ಬಂದೆವು. ಬೀಗರು ಪಂಚಾಕ್ಷರಯ್ಯನವರ ಮನೆಯ ಗಾರೆ ನೋಡಿಕೊಂಡು ಬರಲು. ಬಸ್ಸಿಗೆ ಹೆದರಿ ಬೆಳಗಿನಿಂದ ನೀರು ಮುಟ್ಟಿರಲಿಲ್ಲ. ಅವರು ಪಾನಕ ಕೊಟ್ಟರು. ಪಿತ್ತ ಅಂತ ಸುಳ್ಳು ಹೇಳಿದೆ. ನೆಲ ಮುಖ ಕಾಣುವ ಹಾಗಿತ್ತು. ಬಗ್ಗಿ ನೋಡಲಿಲ್ಲ.

ಪಾಲಾಕ್ಷ ಅಲ್ಲೇ ನಿರ್ಧಾರ ಮಾಡಿದ. ಕೆಂಪು ಗಾರೆ.

೧೪ ಫೆಬ್ರವರಿ, ಸೋಮವಾರ

ನೆಲ ಆಯಿತು. ಆರುವ ಮೊದಲೇ ಟೈಗರ್ ಅದರ ಮೇಲೆ ಓಡಾಡಿತು, ಹೆಜ್ಜೆ ಮೂಡಿದವು. ಬೀರಲಿಂಗಯ್ಯ ಮತ್ತೆ ಉಜ್ಜಿ ಸರಿಮಾಡಿದ. ಪಾಲಾಕ್ಷನ ಸಿಟ್ಟು ಇಳಿಯಲಿಲ್ಲ. ಮಂಡಿಗೆ ಮೆಣಸಿನಕಾಯಿ ತರುವ ಹಳೇಕೋಟೆಯ ಹೊನ್ನಯ್ಯನ ಗಾಡಿ ಹೊರಟಿತ್ತು. ನಾಯಿಯನ್ನು ಅವನ ಹೊಲ ಕಾಯಲು ಕೊಟ್ಟುಬಿಡೋಣ ಅಂದ.

"ನಾಯಿ ನಿಮ್ದು ಅಪ್ಪಯ್ಯ. ನೀವು ಬ್ಯಾಡ ಅಂದ್ರೆ ಬಿಟ್ಬುಡ್ತೀನಿ."

ಬೇಡ ಅಂದರೆ ಯಾಕೆ ಅಂತ ಕೇಳುತ್ತಾನೆ. "ಕಳಿಸು" ಅಂದೆ.

ಟೈಗರ್ ಗಾಡಿ ಹತ್ತಲಿಲ್ಲ. ಹೊನ್ನಯ್ಯ ಎಳೆದ, ಆಗಲಿಲ್ಲ. ನಾನು ಹೋಗಿ ಹತ್ತೋ ಅಂದೆ. ಬಾಲ ಆಡಿಸುತ್ತ ಹತ್ತಿತು.

ಇನ್ನು ಮೇಲೆ ಯಾರ ಹೆಸರು ಹೇಳುವುದು — ಇದು ಆಮೇಲೆ ಹೊಳೆಯಿತು. ನಾಯಿ ಹೋದ ದುಃಖಕ್ಕಿಂತ ಮೊದಲು ಅದೇ ಹೊಳೆಯಿತಲ್ಲ. ಥೂ.

೨೭ ಫೆಬ್ರವರಿ, ಭಾನುವಾರ

ಸಂಜೆಯಾದ ಮೇಲೆ ನೀರು ಮುಟ್ಟದೆ ಇರುತ್ತಿದ್ದೆ. ಇಷ್ಟು ದಿನ ನಡೆಯಿತು. ಇವತ್ತು ಆಗಿಹೋಯಿತು. ಬೆಳಗ್ಗೆ ನೋಡಿದರೆ ನನ್ನ ಮಂಚದ ಬುಡದಿಂದ ಬಾಗಿಲವರೆಗೆ ಕೆಂಪು ನೆಲದ ಮೇಲೆ ಒಂದೇ ಗೆರೆ. ಬೀರಲಿಂಗಯ್ಯನ ಇಳಿಜಾರು ಚೆನ್ನಾಗಿದೆ.

ಪಾಲಾಕ್ಷ ಎದ್ದು ಬಂದು ನಿಂತ. ಗೆರೆ ನೋಡಿದ. ಕಣ್ಣು ಮಂಚದ ಕಡೆ ಬರುತ್ತಿತ್ತು. ಅಷ್ಟರಲ್ಲಿ ನೀಲಗಂಗಮ್ಮ ಬಟ್ಟೆ ಹಿಡಿದು ಬಂದಳು.

"ಬೀದಿ ನಾಯಿ ಕಣ್ರೀ. ಬಾಗ್ಲು ಹಾಕೋದ ನಾನೇ ಮರ್ತುಬುಟ್ಟಿದ್ದೆ."

ಹೊಸ ನೆಲ ಹಾಳು ಮಾಡಿದೆ, ಮೈಮೇಲೆ ಗ್ಯಾನ ಇಲ್ಲ ಅಂತ ಅವಳನ್ನು ಬೈದ. ತಲೆ ತಗ್ಗಿಸಿ ಒರೆಸಿದಳು. ಅವಳು ಅಗುಳಿ ಹಾಕಿದ್ದನ್ನು ನಾನು ಕಂಡಿದ್ದೆ. ಗೋಡೆ ಕಡೆ ತಿರುಗಿ ಮಲಗಿದೆ. ನಿದ್ದೆ ಬಂದವನ ಹಾಗೆ.

ಅದೇ ದಿನ, ಸಂಜೆ

ಮಂಚದ ಕೆಳಗೆ ಒಂದು ಮಡಕೆ ಇಟ್ಟಿದ್ದಾಳೆ, ಮೇಲೆ ತಟ್ಟೆ ಮುಚ್ಚಿ. ಚಳಿಯಲ್ಲಿ ಹಿತ್ತಲಿಗೆ ಹೋಗಬೇಡಿ ಅಂದಳು. ನನ್ನ ಮುಖ ನೋಡಲಿಲ್ಲ. ಯಾವಾಗಿನಿಂದ ಗೊತ್ತು ಅಂತ ಕೇಳಿದೆ.

"ಟೈಗರ್ ಮರಿಯಾಗಿದ್ದಾಗ್ಲೂ ಒಳಗೆ ಮಾಡಿದ್ದಿಲ್ಲ ಮಾವ."

ಹಾಗಾದರೆ ಗಾಡಿ ಹತ್ತಿಸುವಾಗ ನೀನು ಯಾಕೆ ಸುಮ್ಮನಿದ್ದೆ ಅಂದೆ. ಕೇಳಲು ನನಗೆ ಬಾಯಾದರೂ ಹೇಗೆ ಬಂತೋ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಳು.

"ಅದ್ನ ಉಳಿಸ್ಬೇಕಂದ್ರೆ ನಿಮ್ಮ ಹೆಸ್ರು ಯೋಳ್ಬೇಕಾಗಿತ್ತಲ್ಲ."

೩ ಮಾರ್ಚ್, ಗುರುವಾರ

ಮಧ್ಯಾಹ್ನ ಪಾಲಾಕ್ಷ ಊಟಕ್ಕೆ ಬಂದವನು ಹೊಸ ಅಗುಳಿ ತಂದ. ಹೆಂಡತಿಗೆ ಮರೆವು, ಇದಾದರೆ ತಾನೇ ಬೀಳುತ್ತದೆ ಅಂದ. ನೀಲಗಂಗಮ್ಮ ಅನ್ನ ಬಡಿಸುತ್ತಿದ್ದಳು. ಹೂಂ ಅಂದಳು. ನಾಯಿ ಹೋಯಿತು, ಈಗ ಇವಳು.

ಊಟ ಮುಗಿಸಿ ಮಂಡಿಗೆ ಹೊರಟವನನ್ನು ಕರೆದೆ. ಹಳೇಕೋಟೆಯ ಹೊನ್ನಯ್ಯನಿಗೆ ಹೇಳಿ ಕಳಿಸಿ ಟೈಗರನ್ನು ಕರೆಸಬೇಕು ಅಂದೆ. ಯಾಕೆ ಅಂದ. ಕೂತುಕೋ ಅಂದೆ. ಎದುರಿಗೇ ಕೂತಿದ್ದಾನೆ, ನೆಲದ ಮೇಲೆ. ಏನೋ ಮುಖ್ಯವಾದದ್ದು ಬರೆಯುವವನಂತೆ ತಲೆ ಬಗ್ಗಿಸಿ ಗೀಚುತ್ತಿದ್ದೇನೆ. ಒಳಗೆ ಪಾತ್ರೆಯ ಸದ್ದು ನಿಂತಿದೆ. ಏನಪ್ಪಯ್ಯ ಅಂತ ಮತ್ತೆ ಕೇಳಿದ. ಲೇಖನಿ ಕೆಳಗಿಟ್ಟರೆ ಹೇಳಲೇಬೇಕು. ಇಡುತ್ತೇನೆ, ಈ ಸಾಲು ಮುಗಿದ—