ಪಿಯಾನೊ ಮುಚ್ಚಳದೊಳಗಿನ ಹೆಸರು

ಸಭಾಂಗಣದ ಹಿಂದಿನ ಕೋಣೆ,
ಮಾರ್ಚ್ ಹನ್ನೊಂದು, ಬೆಳಗ್ಗೆ

ನನ್ನ ಮುದ್ದು ಗುಬ್ಬೀ,

ಹೇಗಿದ್ದೀಯಾ? ಆ ಊರಿನ ಚಳಿಗೆ ನಿನ್ನ ಬೆರಳುಗಳು ಮತ್ತೆ ಬಿರುಕು ಬಿಟ್ಟಿವೆಯೇ? ಮುಲಾಮು ಹಚ್ಚಿಕೋ, ತಂತಿ ಮುಟ್ಟುವವರ ಕೈ ಒರಟಾಗಬಾರದು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತದೆ, ಅದರ ಮಾತು ಕೇಳುವವರು ಯಾರು? ನಿನ್ನ ಪಿಯಾನೊ ಅಂಗಡಿಯ ಮಾಲೀಕರು ಊಟಕ್ಕಾದರೂ ಬಿಡುತ್ತಾರೋ ಇಲ್ಲವೋ? ಎಂಟು ತಿಂಗಳಲ್ಲಿ ನಿನ್ನಿಂದ ಬಂದದ್ದು ಎರಡೇ ಕಾಗದ, ಅದರಲ್ಲೂ ಒಂದು ಬರೀ ಛತ್ರಿ ಬಿಟ್ಟುಬಂದೆ ಎಂದು ತಿಳಿಸುವುದಕ್ಕೆ. ಛತ್ರಿ ಬಾಗಿಲ ಹಿಂದೆ ಹಾಗೇ ಇದೆ.

ಇಲ್ಲಿನ ಸಂಗೀತಲೋಕದ ಸುದ್ದಿಯನ್ನು ನನ್ನಷ್ಟು ಚೆನ್ನಾಗಿ ಯಾವ ಪತ್ರಿಕೆಯವರೂ ಹೇಳಲಾರರು, ಕೇಳು. ವಾದ್ಯವೃಂದಕ್ಕೆ ಹೊಸ ನಿರ್ದೇಶಕರು ಬಂದಿದ್ದಾರೆ. ವಯಸ್ಸು ಚಿಕ್ಕದು, ಅವಸರ ದೊಡ್ಡದು. ಎಲ್ಲವನ್ನೂ ರೈಲು ತಪ್ಪಿಹೋಗುತ್ತದೆ ಎನ್ನುವಂತೆ ಓಡಿಸುತ್ತಾರೆ. ಪಾಪ, ಕೊಳಲಿನವರಿಗೆ ಉಸಿರೆಳೆದುಕೊಳ್ಳಲೂ ಪುರಸೊತ್ತಿಲ್ಲ. ಜನಕ್ಕೆ ತುಂಬ ಹಿಡಿಸಿದೆ, ಟಿಕೆಟ್ಟೇ ಸಿಗುತ್ತಿಲ್ಲ. ನನಗೆ ಹಿಡಿಸಿಲ್ಲ, ಆದರೆ ನಾನೇನು ಟಿಕೆಟ್ ಕೊಳ್ಳುವವಳೇ!

ದೊಡ್ಡ ಸುದ್ದಿ ಎಂದರೆ ಕಳೆದ ಶನಿವಾರದ್ದು. ಹೊರದೇಶದಿಂದ ಬಂದಿದ್ದ ಹೆಸರಾಂತ ವಾದಕಿ ನಾನು ಶ್ರುತಿ ಮಾಡಿದ ಪಿಯಾನೊದಲ್ಲಿ ಎರಡು ಗಂಟೆ ನುಡಿಸಿದರು. ನಾನು ಎಂದಿನಂತೆ ಪರದೆಯ ಪಕ್ಕದ ಸ್ಟೂಲಿನ ಮೇಲೆ. ಮುಗಿದಾಗ ಜನ ಏಳಲೊಲ್ಲರು, ಇನ್ನೊಂದು ಬೇಕು ಎಂದು ಒಂದೇ ಗಲಾಟೆ. ಬೆರಳುಗಳು ಬಲತುದಿಯವರೆಗೂ ಓಡುವ ಅವರ ಆ ಪ್ರಸಿದ್ಧ ತುಣುಕಿಗೆ ಎಲ್ಲರೂ ಕಾದಿದ್ದರೆ, ಅವರು ಎಡಗಡೆಯಲ್ಲೇ ಉಳಿದು ಒಂದು ಲಾಲಿ ನುಡಿಸಿ ಎದ್ದರು. ಎಂಥ ಸಂಯಮ! ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಮಂದ್ರಸ್ವರಗಳು ಜೇನು" ಎಂದರು. ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಇಷ್ಟೆಲ್ಲ ಆದಮೇಲೆ ಪತ್ರಿಕೆಯ ವಿಮರ್ಶಕ ಮಹಾಶಯರು ಏನು ಬರೆದರು ಗೊತ್ತೇ? "ಮೇಲಿನ ತುದಿಯ ಸ್ವರಗಳು ಮಾತ್ರ ಮೂಗೆತ್ತಿಕೊಂಡು ಬೇರೆಯೇ ನಿಂತಿದ್ದವು." ಅವರು ಅರ್ಧ ಹೊತ್ತು ತೂಕಡಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. ಮ್ಯಾನೇಜರ್ ಆ ತುಂಡನ್ನು ಕತ್ತರಿಸಿ ತಂದು ನನ್ನ ಮೇಜಿನ ಮೇಲಿಟ್ಟು, ಇಪ್ಪತ್ತೆಂಟನೇ ತಾರೀಖು ಇಲ್ಲಿ ನಡೆಯುವ ಪಿಯಾನೊ ಸ್ಪರ್ಧೆಗೆ ಶ್ರುತಿ ಮಾಡಲು ಹೊರಗಿನವರೊಬ್ಬರನ್ನು ಕರೆಸಿದರೆ ಹೇಗೆ ಎಂದು ಕೆಮ್ಮುತ್ತಾ ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನಲವತ್ತೊಂದು ವರ್ಷದ ಕೆಲಸ ಇದು. ಒಮ್ಮೆ ಮುಚ್ಚಳದೊಳಗೆ ನೋಡಿ ಬನ್ನಿ ಎಂದೆ. ನಿನಗೆ ಗೊತ್ತಲ್ಲ, ಶ್ರುತಿ ಮಾಡಿದವರು ಅಲ್ಲಿ ಪೆನ್ಸಿಲಿನಲ್ಲಿ ತಾರೀಖು, ಹೆಸರು ಬರೆಯುವುದು ನಿನ್ನ ತಾತನ ಕಾಲದಿಂದ ಬಂದದ್ದು. ಈ ಕೆಲಸಕ್ಕೆ ನನ್ನ ಕಿವಿ ಹೊಣೆ ಎಂದು ಅದರ ಅರ್ಥ. ಅವರು ಆ ತುಂಡನ್ನು ಮೇಜಿನ ಮೇಲೇ ಬಿಟ್ಟು ಹೊರಟುಹೋದರು.

ಬೇಸರ ಇರುವುದು ಒಂದಕ್ಕೇ. ಜುಲೈಯಲ್ಲಿ ನೀನೂ ಇದನ್ನೇ ಹೇಳಿದ್ದೆ. "ಅಮ್ಮಾ, ಮೇಲಿನವು ಜಾಸ್ತಿ ಬಿಗಿ ಆಗಿವೆ, ಒಂದ್ಸಲ ಶ್ರುತಿ ಅಳೆಯೋ ಮೆಷಿನ್ ಇಟ್ಟು ನೋಡೋಣ್ವಾ?" ನಾನು, "ನಿಂಗೆ ಸ್ಪ್ಯಾನರ್ ಹಿಡಿಯೋದು ಕಲಿಸಿದ್ದು ಯಾರು, ಮೆಷಿನ್ನಾ?" ಎಂದೆ. ಆ ದಿನ ನೀನು ನನ್ನ ಹೆಸರಿನ ಕೆಳಗೆ ನಿನ್ನ ಹೆಸರು ಬರೆಯಲಿಲ್ಲ. ಮರುವಾರ ಊರೇ ಬಿಟ್ಟೆ. ಮನೆ ಬಿಕೋ ಎನ್ನುತ್ತದೆ ಗುಬ್ಬಿ, ಅದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ. ಇರಲಿ, ಯಾರು ಏನೇ ಅನ್ನಲಿ, ಸ್ಪರ್ಧೆಯ ಪಿಯಾನೊ ನನ್ನದೇ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಗೆ ಸಿಕ್ಕ ತಂತಿಗಳೆಲ್ಲ ನಿನ್ನ ಮಾತು ಕೇಳಲಿ ಎಂದು ಹರಸುವ,

ನಿನ್ನ ಅಮ್ಮ

ಮತ್ತೆ: ಅಂಟಿಸಿದ್ದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಮಧ್ಯಾಹ್ನ ಸಭಾಂಗಣ ಖಾಲಿಯಿತ್ತು. ನೀನು ಡ್ರಾಯರಿನಲ್ಲಿ ಬಿಟ್ಟುಹೋದ ಮೆಷಿನ್ನನ್ನು, ಆ ವಿಮರ್ಶಕರ ಬಾಯಿ ಮುಚ್ಚಿಸೋಣ ಎಂದೇ, ಪಿಯಾನೊದ ಮೇಲಿಟ್ಟೆ. ಎಡದಿಂದ ಶುರುಮಾಡಿದೆ, ಮುಳ್ಳು ನಟ್ಟನಡುವಿನಿಂದ ಕದಲಲಿಲ್ಲ. ಬಲತುದಿಯ ಕೊನೆಯ ಎಂಟು ಮೇಲಿನ ಸ್ವರಗಳಿಗೆ ಬಂದಾಗ ಪೂರ್ತಿ ವಾಲಿಕೊಂಡಿತು. ಕೊನೆಯ ಮೂರರಲ್ಲಂತೂ ನನಗೆ ಕೇಳುವುದು ಮರದ ಟಕ್ ಟಕ್ ಮಾತ್ರ, ಸ್ವರ ಕೇಳುತ್ತಲೇ ಇಲ್ಲ. ಆ ವಾದಕಿ ಲಾಲಿಯನ್ನೇ ಏಕೆ ನುಡಿಸಿದರೆಂದು ಈಗ ತಿಳಿಯಿತು. ನೀನು ಹೇಳಿದ್ದೇ ಸರಿ. ಉಳಿದ ಎಂಬತ್ತಕ್ಕೆ ಈಗಲೂ ನನ್ನನ್ನು ಮೀರಿಸುವವರಿಲ್ಲ, ಆದರೆ ಈ ಎಂಟಕ್ಕೆ ನಿನ್ನ ಕಿವಿ ಬೇಕು. ಮ್ಯಾನೇಜರಿಗೆ ನಾನೇ ಹೋಗಿ ಎಲ್ಲ ಹೇಳಿಬಂದೆ. ಹೊರಗಿನವರು ಬೇಡ, ಮಗಳನ್ನು ಕರೆಸುತ್ತೇನೆ ಎಂದೆ. ಇಪ್ಪತ್ತಾರಕ್ಕೆ ಬಂದುಬಿಡು. ಶನಿವಾರದ ತಾರೀಖಿನ ಮುಂದಿದ್ದ ನನ್ನ ಹೆಸರನ್ನು ರಬ್ಬರಿನಿಂದ ಅಳಿಸಿದ್ದೇನೆ. ಈ ಸಲ ಮೊದಲು ನೀನು ಬರೆ. ನೀನು ಒಪ್ಪಿದರೆ ಕೆಳಗೆ ನಾನು ಬರೆಯುತ್ತೇನೆ.